ಸ್ಥಳವೇಗ: ರಸ್ತೆಯ ಒಂದು ಬಿಂದುವಿನಲ್ಲಿ ವಾಹನ ವೇಗದ ಅಳತೆ

ರಸ್ತೆಯ ಮೇಲೆ ಗೊತ್ತುಪಡಿಸಿದ ಒಂದು ಬಿಂದುವನ್ನು ದಾಟುವಾಗ ವಾಹನಕ್ಕೆ ಇರುವ ವೇಗವೇ ಸ್ಥಳವೇಗ. ಎಂಜಿನಿಯರುಗಳ ರೂಢಿಯಲ್ಲಿ ಸ್ಪಾಟ್ ಸ್ಪೀಡ್. ಕಲಬುರಗಿಯಿಂದ ಹೊರಟ ಬಸ್ಸು ಸೇಡಂ ಮುಟ್ಟಲು ಹಿಡಿದ ಹೊತ್ತಿನಿಂದ ದೂರವನ್ನು ಭಾಗಿಸಿದರೆ ಸಿಗುವುದು ಪ್ರಯಾಣವೇಗ. ಮಳಖೇಡದಲ್ಲಿ ಜನ ಇಳಿದು ಹತ್ತಿದ ಹೊತ್ತು, ಊರೊಳಗಿನ ಸಂದಣಿ, ಲೋಡ್ ಲಾರಿಯ ಬೆನ್ನಿಗೆ ಸಿಕ್ಕಿಕೊಂಡು ತೆವಳಿದ ಹೊತ್ತು ಎಲ್ಲವೂ ಅದರಲ್ಲಿ ಬೆರೆತುಹೋಗಿರುತ್ತವೆ. ಶಾಲೆಯ ಮುಂದೆ, ತಿರುವಿನ ಬಾಯಲ್ಲಿ, ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ವಾಹನಗಳು ಎಷ್ಟು ಜೋರಾಗಿ ಬರುತ್ತವೆ ಎಂಬುದನ್ನು ಪ್ರಯಾಣವೇಗ ಹೇಳಲಾರದು. ವೇಗಮಿತಿಯ ಫಲಕವನ್ನು ಎಲ್ಲಿ ನಿಲ್ಲಿಸಬೇಕು, ಉಬ್ಬು ಬೇಕೇ ಬೇಡವೇ, ತಿರುವಿಗೆ ಇರುವ ಬಾಗು ಸಾಕೇ, ಮುಂದಿನ ಅಡ್ಡಿ ಚಾಲಕನಿಗೆ ಸಾಕಷ್ಟು ದೂರದಿಂದ ಕಾಣುತ್ತದೆಯೇ ಎಂಬ ಪ್ರಶ್ನೆಗಳಿಗೆಲ್ಲ ಆಧಾರ ಸ್ಥಳವೇಗ.

ಒಂದು ವಾಹನದ ವೇಗ ಅಳೆಯುವುದು ಪೊಲೀಸರ ಕೆಲಸ. ನೂರಾರು ವಾಹನಗಳ ವೇಗ ಅಳೆದು ಅವು ಹೇಗೆ ಹಂಚಿಕೊಂಡಿವೆ ಎಂದು ನೋಡುವುದು ಸಂಚಾರ ಎಂಜಿನಿಯರನ ಕೆಲಸ. ಈ ಎರಡನೆಯದಕ್ಕೇ ಸ್ಥಳವೇಗ ಅಧ್ಯಯನ ಎಂಬ ಹೆಸರು. ವಾಹನದ ನಂಬರು, ಚಾಲಕನ ಹೆಸರು ಇದಕ್ಕೆ ಬೇಕಿಲ್ಲ. ವೇಗ, ವಾಹನದ ಬಗೆ, ದಿಕ್ಕು, ಹೊತ್ತು ಇಷ್ಟಿದ್ದರೆ ಸಾಕು.

ಸುಣ್ಣಕಲ್ಲಿನ ಸೀಮೆಯ ಸಂಚಾರ

ಪಠ್ಯಪುಸ್ತಕಗಳಲ್ಲಿ ಈ ಅಧ್ಯಯನದ ಸೂತ್ರಗಳೆಲ್ಲ ಹೆಚ್ಚುಕಡಿಮೆ ಕಾರುಗಳೇ ಓಡುವ ಪಾಶ್ಚಾತ್ಯ ರಸ್ತೆಗಳನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದವು. ಕಲಬುರಗಿ ಜಿಲ್ಲೆಯ ಪೂರ್ವಕ್ಕಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ರಸ್ತೆಗಳು ಆ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. ನೆಲದಡಿಯ ಸುಣ್ಣಕಲ್ಲಿನಿಂದಾಗಿ ಸೇಡಂನಲ್ಲಿ ವಾಸವದತ್ತಾ, ಮಳಖೇಡದ ಬಳಿ ರಾಜಶ್ರೀ, ವಾಡಿಯಲ್ಲಿ ಎಸಿಸಿ, ಕೋಡ್ಲಾದಲ್ಲಿ ಶ್ರೀ, ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯಂಟ್ ಹೀಗೆ ಸಿಮೆಂಟ್ ಕಾರ್ಖಾನೆಗಳು ಸಾಲುಗಟ್ಟಿವೆ. ವಾಡಿ–ಸಿಕಂದರಾಬಾದ್ ರೈಲುಮಾರ್ಗ ಚಿತ್ತಾಪುರ, ಮಳಖೇಡ ರೋಡ್, ಸೇಡಂಗಳನ್ನು ಹಾದುಹೋಗುವುದರಿಂದ ಸಿಮೆಂಟಿನ ಒಂದು ಪಾಲು ವ್ಯಾಗನ್ನುಗಳಲ್ಲಿ ಹೊರಡುತ್ತದೆ. ಉಳಿದದ್ದು ರಸ್ತೆಗೆ ಬರುತ್ತದೆ: ಚೀಲ ತುಂಬಿದ ಲಾರಿ, ಬಿಡಿ ಸಿಮೆಂಟಿನ ಬಲ್ಕರ್, ಹಾರುಬೂದಿ ಹೊತ್ತ ಟ್ಯಾಂಕರ್, ಕಲ್ಲಿದ್ದಲು ಮತ್ತು ಜಿಪ್ಸಮ್ಮಿನ ಟಿಪ್ಪರ್. ಶಹಾಬಾದಿನ ಫರಸಿ ಕಲ್ಲು ಹೊತ್ತ ಲಾರಿಗಳು ಇದಕ್ಕೆ ಸೇರುತ್ತವೆ.

ಅದೇ ಡಾಂಬರಿನ ಮೇಲೆ ತೊಗರಿ ತುಂಬಿದ ಟ್ರ್ಯಾಕ್ಟರ್ ಟ್ರೇಲರುಗಳು, ಎತ್ತಿನ ಬಂಡಿ, ಹಳ್ಳಿಯಿಂದ ಹಳ್ಳಿಗೆ ಜನ ತುಂಬಿಕೊಂಡು ಓಡುವ ಟಂಟಂ ಮತ್ತು ಕ್ರೂಸರ್, ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು, ಎಲ್ಲರ ನಡುವೆ ನುಸುಳುವ ಬೈಕು. ಟ್ರ್ಯಾಕ್ಟರು ಗಂಟೆಗೆ 20 ಕಿ.ಮೀ.ಯಲ್ಲಿ ಹೊರಟಿದ್ದರೆ ಅದರ ಹಿಂದಿನ ಕಾರು 80ರಲ್ಲಿ ಬರುತ್ತಿರಬಹುದು. ಇಂಥ ಕಡೆ ಸರಾಸರಿ ವೇಗ ಎಷ್ಟು ಎಂಬುದಕ್ಕಿಂತ ವೇಗಗಳ ನಡುವಿನ ಅಂತರ ಎಷ್ಟು ಎಂಬುದೇ ದೊಡ್ಡ ಪ್ರಶ್ನೆ. ಹಿಂದೀಪವಿಲ್ಲದ ಟ್ರೇಲರೊಂದು ರಾತ್ರಿ ಗಂಟೆಗೆ 20 ಕಿ.ಮೀ.ಯಲ್ಲಿ ಹೋಗುತ್ತಿದೆ, ಹಿಂದಿನಿಂದ 60ರಲ್ಲಿ ಬರುವ ಕಾರಿನವನಿಗೆ ಅದು 50 ಮೀಟರ್ ದೂರದಲ್ಲಿ ಕಂಡಿತು ಎಂದಿಟ್ಟುಕೊಳ್ಳೋಣ. ಇಬ್ಬರ ವೇಗದ ವ್ಯತ್ಯಾಸ ಸೆಕೆಂಡಿಗೆ 11 ಮೀಟರಿಗೂ ತುಸು ಹೆಚ್ಚು. ಆ ದೂರ ಕರಗಲು ನಾಲ್ಕೂವರೆ ಸೆಕೆಂಡು. ಕಂಡು, ತಿಳಿದು, ಬ್ರೇಕಿಗೆ ಕಾಲಿಡಲು ಭಾರತೀಯ ರಸ್ತೆ ಕಾಂಗ್ರೆಸ್ಸಿನ ವಿನ್ಯಾಸ ಲೆಕ್ಕ ಕೊಡುವ ಅವಧಿ ಎರಡೂವರೆ ಸೆಕೆಂಡು. ಆಗ ಉಳಿದಿರುವ ಅಂತರ ಮುಗಿಯುವುದರೊಳಗೆ ಕಾರಿನ ವೇಗ ಟ್ರೇಲರಿನ ವೇಗಕ್ಕೆ ಇಳಿಯಬೇಕು. ಇಬ್ಬರಲ್ಲಿ ಯಾರೂ ವೇಗಮಿತಿ ಮೀರಿಲ್ಲ ಎಂಬುದನ್ನು ಗಮನಿಸಬೇಕು.

ಎರಡು ಸರಾಸರಿಗಳು

ಒಂದು ಬಿಂದುವಿನಲ್ಲಿ ನಿಂತು ಅಳೆದ ವೇಗಗಳನ್ನು ಕೂಡಿಸಿ ವಾಹನಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದು ಕಾಲಸರಾಸರಿ ವೇಗ. ರಸ್ತೆಯ ಒಂದು ತುಂಡಿನ ಮೇಲೆ ಅದೇ ವಾಹನಗಳು ಕ್ರಮಿಸಿದ ಒಟ್ಟು ದೂರವನ್ನು ಅವು ತೆಗೆದುಕೊಂಡ ಒಟ್ಟು ಹೊತ್ತಿನಿಂದ ಭಾಗಿಸಿದರೆ ದೂರಸರಾಸರಿ ವೇಗ. ಇವೆರಡೂ ಒಂದೇ ಎಂದು ಭಾವಿಸುವುದು ಈ ವಿಷಯದಲ್ಲಿ ಹೊಸಬರು ಮೊದಲು ಎಡವುವ ಜಾಗ.

ಲೆಕ್ಕಕ್ಕೆ ಮೂರು ವಾಹನ ಸಾಕು: 20ರಲ್ಲಿ ಟ್ರ್ಯಾಕ್ಟರು, 40ರಲ್ಲಿ ಲೋಡ್ ಲಾರಿ, 80ರಲ್ಲಿ ಕಾರು. ಕಾಲಸರಾಸರಿ 46.7. ಒಂದು ಕಿಲೋಮೀಟರು ದಾಟಲು ಇವು ಕ್ರಮವಾಗಿ 3, ಒಂದೂವರೆ ಮತ್ತು ಮುಕ್ಕಾಲು ನಿಮಿಷ ತೆಗೆದುಕೊಳ್ಳುತ್ತವೆ. ಮೂರು ಕಿಲೋಮೀಟರಿಗೆ ಒಟ್ಟು 5.25 ನಿಮಿಷ, ಆದ್ದರಿಂದ ದೂರಸರಾಸರಿ 34.3. ನಡುವೆ 12 ಕಿ.ಮೀ.ಗೂ ಮೀರಿದ ಅಂತರ. ನಿಧಾನದ ವಾಹನ ರಸ್ತೆಯ ಮೇಲೆ ಹೆಚ್ಚು ಹೊತ್ತು ಇರುತ್ತದೆ, ಹಾಗಾಗಿ ದೂರಸರಾಸರಿಯಲ್ಲಿ ಅದರ ತೂಕ ಹೆಚ್ಚು. ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಜೆ. ಜಿ. ವಾರ್ಡ್ರಾಪ್ 1952ರಲ್ಲಿ ಇವೆರಡರ ಸಂಬಂಧವನ್ನು ಸೂತ್ರಕ್ಕಿಳಿಸಿದ: ದೂರಸರಾಸರಿಗೆ, ವೇಗಗಳ ಚದುರುವಿಕೆಯ ವರ್ಗವನ್ನು ಅದೇ ದೂರಸರಾಸರಿಯಿಂದ ಭಾಗಿಸಿ ಕೂಡಿಸಿದರೆ ಕಾಲಸರಾಸರಿ ಬರುತ್ತದೆ. ಎಲ್ಲ ವಾಹನಗಳೂ ಒಂದೇ ವೇಗದಲ್ಲಿ ಓಡಿದರೆ ಮಾತ್ರ ಎರಡೂ ಸಮ. ಸಂಚಾರದ ದಟ್ಟಣೆ, ಹರಿವು ಲೆಕ್ಕ ಹಾಕುವವರಿಗೆ ಬೇಕಾದದ್ದು ದೂರಸರಾಸರಿ. ವೇಗಮಿತಿ, ಸುರಕ್ಷತೆಯ ಕೆಲಸಕ್ಕೆ ಬಿಂದುವಿನ ಅಳತೆಯೇ ಸಾಕು. ವರದಿಯಲ್ಲಿ ಯಾವುದೆಂದು ಬರೆಯದೆ ‘ಸರಾಸರಿ ವೇಗ’ ಎಂದಷ್ಟೇ ಬರೆದಿದ್ದರೆ ಅದು ಅರ್ಧ ವರದಿ.

ಜಾಗ ಮತ್ತು ಹೊತ್ತಿನ ಆಯ್ಕೆ

ಉದ್ದೇಶ ಯಾವುದೋ ಜಾಗ ಅದರಂತೆ. ಒಂದು ರಸ್ತೆಯ ಸಾಮಾನ್ಯ ವೇಗ ಬೇಕಿದ್ದರೆ ನೇರವಾಗಿ, ಸಮತಟ್ಟಾಗಿ, ಕೂಡುರಸ್ತೆ, ಬಸ್‌ಸ್ಟಾಪು, ಉಬ್ಬು, ಗುಂಡಿಗಳಿಂದ ದೂರವಾಗಿ ಇರುವ ತುಂಡನ್ನು ಆರಿಸಬೇಕು. ಸೇಡಂ ಸೀಮೆಯಲ್ಲಿ ಕೊನೆಯ ಶರತ್ತೇ ಕಷ್ಟದ್ದು. ಭಾರದ ಲಾರಿಗಳು ಓಡುವ ರಸ್ತೆಯಲ್ಲಿ ಚಕ್ರದ ಜಾಡು ತಗ್ಗಾಗಿ ಗುಂಡಿ ಬೀಳುವುದು ಬೇಗ. ಕಪ್ಪು ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲಿನ ರಸ್ತೆಯ ಮೈಯೂ ಏರುಪೇರಾಗುತ್ತದೆ. ಗುಂಡಿಗೆ ಐವತ್ತು ಮೀಟರ್ ಈಚೆ ಅಳೆದ ವೇಗ ರಸ್ತೆಯ ವೇಗವಲ್ಲ, ಗುಂಡಿಯ ವೇಗ. ಒಂದು ತೊಂದರೆಯ ಜಾಗವನ್ನೇ ಪರೀಕ್ಷಿಸುವುದಾದರೆ ಈ ನಿಯಮ ತಿರುಗುಮುರುಗಾಗುತ್ತದೆ: ಕಾಗಿಣಾ ನದಿಯ ಸೇತುವೆಗೆ ಇಳಿಯುವಲ್ಲಿ, ಚಿಂಚೋಳಿಯ ಕಾಡಿನೊಳಗೆ ಹಾಯುವ ರಸ್ತೆಯಲ್ಲಿ, ಕಾರ್ಖಾನೆ ಗೇಟಿನೆದುರು ಲಾರಿಗಳು ಸಾಲುಗಟ್ಟಿ ನಿಲ್ಲುವಲ್ಲಿ, ಎಲ್ಲಿ ತೊಂದರೆಯೋ ಅಲ್ಲೇ ನಿಲ್ಲಬೇಕು.

ವಾರದ ನಡುವಿನ ದಿನ, ಮಳೆಯಿಲ್ಲದ ಹವೆ, ಸಂದಣಿ ತಗ್ಗಿದ ಹೊತ್ತು ಎಂದು ಪುಸ್ತಕ ಹೇಳುತ್ತದೆ. ಇಲ್ಲಿ ಅದಕ್ಕೆ ಕೆಲವು ಸೇರ್ಪಡೆ ಬೇಕು. ಸಂತೆಯ ದಿನ ಬಿಡಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಸೀಮೆಯಾದ್ದರಿಂದ ನಡುಮಧ್ಯಾಹ್ನದ ರಸ್ತೆ ಬಣಗುಡುತ್ತದೆ. ಆಗ ಅಳೆದದ್ದು ಬೆಳಗಿನ ಸಂಚಾರಕ್ಕೆ ಹೊಂದುವುದಿಲ್ಲ. ಡಿಸೆಂಬರಿನಿಂದ ತೊಗರಿಯ ರಾಶಿ ಶುರುವಾದರೆ ಟ್ರ್ಯಾಕ್ಟರುಗಳ ಪಾಲು ಏರುತ್ತದೆ, ಕೆಲವೆಡೆ ಬೆಳೆಯನ್ನು ರಸ್ತೆಯ ಮೇಲೇ ಹರಡುವುದರಿಂದ ಓಡಾಟಕ್ಕೆ ಸಿಗುವ ಅಗಲವೇ ಅರ್ಧವಾಗುತ್ತದೆ. ಗ್ರಾಮೀಣ ರಸ್ತೆಗಳ ವಾಹನ ಗಣತಿಗೆಂದು 1972ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ಸು ಹೊರಡಿಸಿದ ಐಆರ್‌ಸಿ:9 ಮಾರ್ಗಸೂಚಿ ವರ್ಷಕ್ಕೆ ಎರಡು ಬಾರಿ, ಸುಗ್ಗಿಯಲ್ಲೊಮ್ಮೆ ಬಿಡುವಿನ ಕಾಲದಲ್ಲೊಮ್ಮೆ, ಏಳೇಳು ದಿನ ಎಣಿಸಬೇಕೆನ್ನುತ್ತದೆ. ಅದು ಎಣಿಕೆಯ ನಿಯಮವಾದರೂ ವೇಗದ ಅಳತೆಗೂ ಅದೇ ಜಾಣತನ ಸಲ್ಲುತ್ತದೆ.

ಎರಡು ದಿಕ್ಕುಗಳನ್ನು ಬೇರೆಬೇರೆಯಾಗಿಯೇ ಬರೆದಿಡಬೇಕು. ಕಾರ್ಖಾನೆಯಿಂದ ಹೊರಡುವ ಲಾರಿ ತುಂಬಿದ್ದು, ಬರುವುದು ಖಾಲಿ ಎಂದು ಕಣ್ಣುಮುಚ್ಚಿ ಹಿಡಿಯುವಂತಿಲ್ಲ. ಬೂದಿ, ಕಲ್ಲಿದ್ದಲು ತುಂಬಿಕೊಂಡು ಬರುವವೂ ಉಂಟು. ಚೀಲದ ಲಾರಿಯಾದರೆ ತಾಡಪಾಲು ಬಿಗಿದಿದೆಯೋ ಮಡಚಿದೆಯೋ, ಬಲ್ಕರಾದರೆ ಹಿಂದಿನ ಟೈರುಗಳು ಎಷ್ಟು ಒತ್ತಿವೆ ಎಂಬುದನ್ನು ನೋಡಿ ಅನುಭವಿ ವೀಕ್ಷಕ ತುಂಬಿದ್ದು–ಖಾಲಿ ಎಂದು ಗುರುತು ಹಾಕುತ್ತಾನೆ.

ಅಳೆಯುವ ಬಗೆಗಳು

ಎಲ್ಲಕ್ಕಿಂತ ಹಳೆಯ, ಇಂದಿಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮೊದಲು ಕಲಿಯುವ ಬಗೆ ಸ್ಟಾಪ್‌ವಾಚಿನದು. ರಸ್ತೆಗೆ ಅಡ್ಡಲಾಗಿ ಸುಣ್ಣದಿಂದಲೋ ಬಣ್ಣದಿಂದಲೋ ಎರಡು ಗೆರೆ ಎಳೆದು, ವಾಹನದ ಮುಂದಿನ ಚಕ್ರ ಮೊದಲ ಗೆರೆ ಮುಟ್ಟಿದಾಗ ಗಡಿಯಾರ ಒತ್ತಿ, ಎರಡನೆಯದನ್ನು ಮುಟ್ಟಿದಾಗ ನಿಲ್ಲಿಸುವುದು. ಗೆರೆಗಳ ನಡುವಿನ ದೂರ ವೇಗಕ್ಕೆ ತಕ್ಕಂತೆ: 40 ಕಿ.ಮೀ.ಗಿಂತ ಕಡಿಮೆಯಿದ್ದರೆ 27 ಮೀಟರ್, 40ರಿಂದ 65ರವರೆಗೆ 54, ಅದಕ್ಕೂ ಮೇಲೆ 81. ಈ ವಿಚಿತ್ರ ಅಂಕಿಗಳು ಅಮೆರಿಕದ 88, 176, 264 ಅಡಿಗಳ ಮೆಟ್ರಿಕ್ ರೂಪ. ಗಂಟೆಗೆ 60 ಮೈಲಿ ಎಂದರೆ ಸೆಕೆಂಡಿಗೆ ಸರಿಯಾಗಿ 88 ಅಡಿ ಎಂಬುದು ಅಲ್ಲಿಯವರಿಗೆ ಅನುಕೂಲವಾಗಿತ್ತು. 54 ಮೀಟರಿಗೆ 194ನ್ನು ಸೆಕೆಂಡುಗಳಿಂದ ಭಾಗಿಸಿದರೆ ವೇಗ ಗಂಟೆಗೆ ಕಿಲೋಮೀಟರಿನಲ್ಲಿ ಸಿಗುತ್ತದೆ.

ಈ ಬಗೆಯ ಕೊರತೆ ಬೆರಳಿನಲ್ಲಿದೆ. 60 ಕಿ.ಮೀ. ವೇಗದ ವಾಹನ 54 ಮೀಟರನ್ನು 3.24 ಸೆಕೆಂಡಿನಲ್ಲಿ ದಾಟುತ್ತದೆ. ಒತ್ತುವುದರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಹೆಚ್ಚುಕಡಿಮೆಯಾದರೆ ಗಡಿಯಾರ 3.04 ತೋರಿಸಿ ವೇಗ 64ರ ಹತ್ತಿರವೋ, 3.44 ತೋರಿಸಿ 56.5ರ ಹತ್ತಿರವೋ ಆಗುತ್ತದೆ. ದೂರದ ಗೆರೆಯನ್ನು ಓರೆಯಾಗಿ ನೋಡುವುದರಿಂದ ಚಕ್ರ ಅದನ್ನು ಮುಟ್ಟುವ ಮೊದಲೇ ಮುಟ್ಟಿದಂತೆ ಕಾಣುವುದೂ ಉಂಟು. ಈ ಓರೆನೋಟ ತಪ್ಪಿಸಲೆಂದೇ ಎನೋಸ್ಕೋಪ್ ಬಂತು. ಎರಡು ಬದಿ ತೆರೆದ, ಒಳಗೆ 45 ಡಿಗ್ರಿಗೆ ಕನ್ನಡಿ ಕೂರಿಸಿದ ಮೊಳಕೈ ಆಕಾರದ ಪೆಟ್ಟಿಗೆ ಅದು. ಅದರೊಳಗೆ ನೋಡುವವನಿಗೆ ರಸ್ತೆಯ ಅಡ್ಡಗೆರೆ ನೇರವಾಗಿ ಕಾಣುತ್ತದೆ. ವಿದ್ಯುತ್ತಿಲ್ಲ, ಬ್ಯಾಟರಿಯಿಲ್ಲ, ಆದರೆ ಒಂದರ ಬೆನ್ನಿಗೊಂದು ಬೈಕು ಬಂದರೆ ಯಾವುದನ್ನು ಹಿಡಿದೆವು ಎಂಬುದೇ ಗೊಂದಲ.

ರಸ್ತೆಗೆ ಅಡ್ಡಲಾಗಿ ಎರಡು ರಬ್ಬರ್ ಕೊಳವೆ ಹಾಸಿ, ಚಕ್ರ ಹತ್ತಿದಾಗ ಏಳುವ ಗಾಳಿಯ ಒತ್ತಡದಿಂದ ಹೊತ್ತು ದಾಖಲಿಸುವ ಯಂತ್ರಗಳಿವೆ. ಡಾಂಬರಿನೊಳಗೆ ತಂತಿಯ ಸುರುಳಿ ಹುದುಗಿಸಿ ಲೋಹ ಮೇಲೆ ಹಾಯ್ದಾಗ ಆಗುವ ಕಾಂತೀಯ ಬದಲಾವಣೆಯನ್ನು ಹಿಡಿಯುವವೂ ಇವೆ. ಲೇನು ಪಾಲಿಸುವ ಸಂಚಾರಕ್ಕೆ ಎರಡೂ ಒಳ್ಳೆಯವು. ಒಂದೇ ಅಗಲದಲ್ಲಿ ಲಾರಿ, ಟಂಟಂ, ಎರಡು ಬೈಕು ಒಟ್ಟಿಗೆ ಹಾಯುವ ರಸ್ತೆಯಲ್ಲಿ ಕೊಳವೆಯ ಯಂತ್ರಕ್ಕೆ ಯಾವ ಅಚ್ಚು ಯಾರದೆಂದು ತಿಳಿಯದು, ಬಂಡಿಯ ಕಬ್ಬಿಣದ ಪಟ್ಟಿ ಕೊಳವೆಯನ್ನೇ ಕತ್ತರಿಸಬಹುದು, ಸುರುಳಿಯ ಅಂಚಿನಲ್ಲಿ ಹೋಗುವ ಬೈಕು ಕಣ್ತಪ್ಪಿಸಿಕೊಳ್ಳಬಹುದು.

ರಾಡಾರ್ ಗನ್ನು ವಾಹನದ ಕಡೆಗೆ ಸೂಕ್ಷ್ಮ ತರಂಗ ಬಿಟ್ಟು, ಬಡಿದು ಮರಳುವ ತರಂಗದ ಆವರ್ತನ ಎಷ್ಟು ಬದಲಾಗಿದೆ ಎಂಬುದರಿಂದ ವೇಗ ಹೇಳುತ್ತದೆ. ಹತ್ತಿರ ಬರುವ ರೈಲಿನ ಸೀಟಿ ಕೀರಲಾಗಿ, ದೂರ ಸರಿದಂತೆ ದಪ್ಪವಾಗಿ ಕೇಳುವುದು ವಾಡಿ ಜಂಕ್ಷನ್ನಿನಲ್ಲಿ ನಿಂತವರಿಗೆಲ್ಲ ಗೊತ್ತು; ಡಾಪ್ಲರ್ ತತ್ತ್ವ ಅದೇ. 24.15 ಗಿಗಾಹರ್ಟ್ಸಿನ ಗನ್ನಿನಲ್ಲಿ ಗಂಟೆಗೆ ಒಂದು ಕಿಲೋಮೀಟರಿಗೆ ಸುಮಾರು 44.7 ಹರ್ಟ್ಸ್ ವ್ಯತ್ಯಾಸ ಬರುತ್ತದೆ, 60ರಲ್ಲಿ ಬರುವ ವಾಹನಕ್ಕೆ ಸುಮಾರು 2,680 ಹರ್ಟ್ಸ್. ಮನುಷ್ಯನ ಕಿವಿಗೆ ಕೇಳುವ ಶ್ರುತಿಯಿದು. ಕೆಲವು ಗನ್ನುಗಳು ಅದನ್ನು ಸದ್ದಾಗಿಯೇ ಹೊರಡಿಸುತ್ತವೆ, ಕೈಪಳಗಿದವರು ಅಂಕಿ ನೋಡುವ ಮೊದಲೇ ಸದ್ದಿನಿಂದ ವೇಗ ಅಂದಾಜಿಸುತ್ತಾರೆ.

ಗನ್ನು ವಾಹನದ ದಾರಿಗೆ ನೇರವಾಗಿ ಇಲ್ಲದೆ ಓರೆಯಾಗಿದ್ದರೆ ಅಂಕಿ ತಗ್ಗುತ್ತದೆ. ನಿಜವಾದ ವೇಗವನ್ನು ಆ ಕೋನದ ಕೋಸೈನಿನಿಂದ ಗುಣಿಸಿದಷ್ಟೇ ಕಾಣುತ್ತದೆ. 10 ಡಿಗ್ರಿಗೆ ತಪ್ಪು ಶೇಕಡಾ ಒಂದೂವರೆ, ಲಕ್ಷಿಸದಿದ್ದರೂ ನಡೆದೀತು. 20 ಡಿಗ್ರಿಗೆ ಶೇಕಡಾ 6, ಅಂದರೆ 60ರ ವಾಹನ 56.4 ಎಂದು ತೋರುತ್ತದೆ. ತಪ್ಪು ಯಾವಾಗಲೂ ಚಾಲಕನ ಪರವಾಗಿಯೇ ಇರುವುದರಿಂದ ದಂಡ ಹಾಕುವವರಿಗೆ ಇದು ತಲೆನೋವಲ್ಲ, ಅಧ್ಯಯನ ಮಾಡುವವರಿಗೆ ತಲೆನೋವು. ಇನ್ನೊಂದು ತೊಡಕು: ರಾಡಾರಿನ ಕಿರಣ ದೂರ ಹೋದಂತೆ ಅಗಲವಾಗುತ್ತದೆ, ದೊಡ್ಡ ಲೋಹದ ಮೈಯಿಂದ ಬರುವ ಮಾರ್ದನಿ ಚಿಕ್ಕದರದ್ದನ್ನು ಮುಳುಗಿಸುತ್ತದೆ. ಬಲ್ಕರಿನ ಪಕ್ಕದ ಬೈಕು ಅಳತೆಗೆ ಸಿಗುವುದೇ ಇಲ್ಲ. ಲೇಸರ್ ಗನ್ನಿನ ಅವಗೆಂಪು ಕಿರಣ ತೆಳು. ಮುನ್ನೂರು ಮೀಟರ್ ದೂರದಲ್ಲೂ ಅದರ ಅಗಲ ಸುಮಾರು ಒಂದು ಮೀಟರ್. ಹಾಗಾಗಿ ಸಂದಣಿಯಲ್ಲಿ ಬೇಕಾದ ವಾಹನವನ್ನೇ ಹಿಡಿಯಬಹುದು.

ಮಿಶ್ರ ಸಂಚಾರಕ್ಕೆ ಖರ್ಚು ಕಡಿಮೆಯ, ನೆಚ್ಚಬಹುದಾದ ಬಗೆ ವಿಡಿಯೋ. ಅಮೆರಿಕದ ಬ್ರೂಸ್ ಗ್ರೀನ್‌ಶೀಲ್ಡ್ಸ್ 1930ರ ದಶಕದಲ್ಲೇ ಓಹಿಯೋದ ರಸ್ತೆಗಳಲ್ಲಿ ಚಿತ್ರ ತೆಗೆದು ವೇಗ ಎಣಿಸಿದ್ದ. ಇಂದು ಅದನ್ನು ಮಹಡಿಯ ಮೇಲಿಟ್ಟ ಮೊಬೈಲೂ ಮಾಡುತ್ತದೆ. ಸೆಕೆಂಡಿಗೆ 25 ಚೌಕಟ್ಟಿನ ಚಿತ್ರದಲ್ಲಿ 60ರ ವಾಹನ 20 ಮೀಟರನ್ನು 30 ಚೌಕಟ್ಟುಗಳಲ್ಲಿ ದಾಟುತ್ತದೆ. ಒಂದು ಚೌಕಟ್ಟು ತಪ್ಪಿದರೆ 2 ಕಿ.ಮೀ. ತಪ್ಪು, ಅಷ್ಟೆ. ಅನುಮಾನ ಬಂದರೆ ಹಿಂದಕ್ಕೆ ಓಡಿಸಿ ಮತ್ತೆ ನೋಡಬಹುದು ಎಂಬುದು ಬೇರೆ ಯಾವ ಬಗೆಗೂ ಇಲ್ಲದ ಅನುಕೂಲ. ಕೆಲಸ ಮಾತ್ರ ಬೇಸರದ್ದು: ಒಂದು ಗಂಟೆಯ ಚಿತ್ರದಿಂದ ಅಂಕಿ ತೆಗೆಯಲು ಒಂದು ದಿನ ಹೋದರೂ ಹೋದೀತು.

ಸಾಧನ ಯಾವುದೇ ಇರಲಿ, ವೀಕ್ಷಕ ಕಣ್ಣಿಗೆ ಬೀಳಬಾರದು. ರಸ್ತೆಬದಿಯಲ್ಲಿ ಗನ್ನು ಹಿಡಿದವರು ಕಂಡರೆ ಬ್ರೇಕು ಬೀಳುತ್ತದೆ, ಎದುರಿನವರಿಗೆ ಹೆಡ್‌ಲೈಟು ಮಿನುಗಿಸಿ ಸುದ್ದಿ ಮುಟ್ಟುತ್ತದೆ. ವೀಕ್ಷಕನ ಆಯ್ಕೆಯೂ ಅಂಕಿಯನ್ನು ಕೆಡಿಸುತ್ತದೆ: ಜೋರಾಗಿ ಬರುವುದೇ ಕಣ್ಣು ಸೆಳೆಯುತ್ತದೆ, ಸಾಲಿನ ಹಿಂದೆ ಬರುವುದು ಬಿಟ್ಟುಹೋಗುತ್ತದೆ. ಪ್ರತಿ ಐದನೆಯ ವಾಹನ ಎಂಬಂಥ ನಿಯಮ ಹಾಕಿಕೊಂಡರೆ ಈ ದೋಷ ತಗ್ಗುತ್ತದೆ. ಚಾಲಕ ತನ್ನಿಚ್ಛೆಯಂತೆ ಓಡಿಸುವ ಮುಕ್ತವೇಗ ಬೇಕಿದ್ದರೆ ಸಾಲಿನ ಮೊದಲ ವಾಹನವನ್ನಷ್ಟೇ ಹಿಡಿಯಬೇಕು. ಹಿಂದಿನವುಗಳ ವೇಗ ಅವುಗಳದ್ದಲ್ಲ, ಮುಂದಿನ ಲಾರಿಯದು.

ಎಷ್ಟು ವಾಹನ ಅಳೆದರೆ ಸಾಕು

ವೇಗಗಳ ಚದುರುವಿಕೆ ಹೆಚ್ಚಿದಷ್ಟೂ ಹೆಚ್ಚು ವಾಹನ ಬೇಕು. ಶೇಕಡಾ 95ರ ನೆಚ್ಚಿಕೆಗೆ, ಚದುರುವಿಕೆಯ ಅಳತೆಯಾದ ಮಾನಕ ವಿಚಲನೆಯನ್ನು 1.96ರಿಂದ ಗುಣಿಸಿ, ಒಪ್ಪಬಹುದಾದ ತಪ್ಪಿನಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಬೇಕು. ಕಾರುಗಳಷ್ಟೇ ಓಡುವ ರಸ್ತೆಯಲ್ಲಿ ವಿಚಲನೆ 8 ಕಿ.ಮೀ. ಎಂದುಕೊಂಡರೆ ಸರಾಸರಿಯನ್ನು 2 ಕಿ.ಮೀ. ಒಳಗೆ ತಿಳಿಯಲು 62 ವಾಹನ ಸಾಕು. ಮುಂದೆ ಬರುವ ಪಟ್ಟಿಯಂತೆ ವಿಚಲನೆ 17.1 ಇರುವ ಮಿಶ್ರ ಸಂಚಾರದಲ್ಲಿ ಅದೇ ನಿಖರತೆಗೆ 281 ಬೇಕು. ತಪ್ಪು ಒಂದೇ ಕಿ.ಮೀ. ಒಳಗಿರಬೇಕೆಂದರೆ ಸಾವಿರ ದಾಟುತ್ತದೆ. ನೂರು ವಾಹನ ಅಳೆದರಾಯಿತು ಎಂಬ ವಾಡಿಕೆಯ ಮಾತು ಸಿಮೆಂಟ್ ಸೀಮೆಯ ರಸ್ತೆಗೆ ಸಾಲದು.

ಅಂಕಿಗಳಿಂದ ಚಿತ್ರಕ್ಕೆ

ವಿಧಾನ ತೋರಿಸಲು ಕಲ್ಪಿಸಿಕೊಂಡ ನೂರು ವಾಹನಗಳ ಪಟ್ಟಿಯೊಂದನ್ನು ನೋಡಬಹುದು. 10–20 ಕಿ.ಮೀ. ಗುಂಪಿನಲ್ಲಿ 12 ವಾಹನ, 20–30ರಲ್ಲಿ 18, 30–40ರಲ್ಲಿ 15, 40–50ರಲ್ಲಿ 20, 50–60ರಲ್ಲಿ 20, 60–70ರಲ್ಲಿ 10, 70–80ರಲ್ಲಿ 5. ಪ್ರತಿ ಗುಂಪಿನ ನಡುವಿನ ಬೆಲೆಯನ್ನು ಸಂಖ್ಯೆಯಿಂದ ಗುಣಿಸಿ ಕೂಡಿಸಿದರೆ ಸರಾಸರಿ 41.8, ಮಾನಕ ವಿಚಲನೆ 17.1. ಕೆಳಗಿನಿಂದ ಮೇಲಕ್ಕೆ ಕೂಡಿಸುತ್ತ ಹೋದರೆ 12, 30, 45, 65, 85, 95, 100. ಈ ಸಂಚಿತ ಶೇಕಡಾವಾರನ್ನು ನಕ್ಷೆಯಲ್ಲಿ ಗುರುತಿಸಿ ಸೇರಿಸಿದರೆ ಇಂಗ್ಲಿಷಿನ ಎಸ್ ಅಕ್ಷರದಂಥ ಬಾಗು ಮೂಡುತ್ತದೆ. ಅದರಿಂದ ಬೇಕಾದ ಶತಾಂಶ ವೇಗಗಳನ್ನು, ಅಂದರೆ ನೂರರಲ್ಲಿ ಇಷ್ಟು ವಾಹನಗಳು ಮೀರದ ವೇಗಗಳನ್ನು, ಓದಿಕೊಳ್ಳಬಹುದು. ಇಲ್ಲಿ 15ನೆಯದು 21.7, 50ನೆಯದು 42.5, 85ನೆಯದು 60, 98ನೆಯದು 76.

ಭಾರತದ ಪಠ್ಯಗಳ ರೂಢಿಯಂತೆ 85ನೇ ಶತಾಂಶ ವೇಗ ವೇಗಮಿತಿಗೆ ಆಧಾರ, 98ನೆಯದು ರಸ್ತೆಯ ಜ್ಯಾಮಿತಿ ಪರಿಶೀಲನೆಗೆ, 15ನೆಯದು ಅದಕ್ಕಿಂತ ನಿಧಾನವಾದರೆ ಇತರರಿಗೆ ಅಡ್ಡಿ ಎಂಬ ಕೆಳಗಿನ ಗೆರೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ಸಿ. ಇ. ಜಿ. ಜಸ್ಟೋ ಅವರು ಎಸ್. ಕೆ. ಖನ್ನಾ ಜೊತೆ ಬರೆದ ‘ಹೈವೇ ಎಂಜಿನಿಯರಿಂಗ್’ ಓದಿಕೊಂಡು ಹೊರಬಂದ ಕರ್ನಾಟಕದ ಸಿವಿಲ್ ಎಂಜಿನಿಯರುಗಳ ಹಲವು ತಲೆಮಾರುಗಳಿಗೆ ಈ ಅಂಕಿಗಳು ಬಾಯಿಪಾಠ.

ಆದರೆ ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. 20–30ರಲ್ಲಿ ಒಂದು ದಿಬ್ಬ, 40–60ರಲ್ಲಿ ಇನ್ನೊಂದು, ನಡುವೆ ತಗ್ಗು. ಇದು ಒಂದು ಸಂಚಾರವಲ್ಲ, ಒಂದೇ ರಸ್ತೆ ಹಂಚಿಕೊಂಡ ಎರಡು. ಹೆಚ್ಚು ವಾಹನಗಳು ಸೇರುವ 20 ಕಿ.ಮೀ. ಅಗಲದ ಪಟ್ಟಿ ಇಲ್ಲಿ 40ರಿಂದ 60. ಅದರೊಳಗೆ ಬರುವುದು ನೂರರಲ್ಲಿ 40 ವಾಹನ ಮಾತ್ರ. ವಿಚಲನೆ 8 ಇರುವ ಏಕರೂಪದ ಸಂಚಾರದಲ್ಲಿ ಅಂಥ ಪಟ್ಟಿಯೊಳಗೆ ಸುಮಾರು 79 ಇರುತ್ತಿದ್ದವು. ಭಾರತದ ಮಿಶ್ರ ಸಂಚಾರದ ವೇಗ ಹಂಚಿಕೆ ಅಭ್ಯಸಿಸಿದ ಡೇ, ಚಂದ್ರ, ಗಂಗೋಪಾಧ್ಯಾಯ 2006ರಲ್ಲಿ ಒಂದು ಸರಳ ಪರೀಕ್ಷೆ ಕೊಟ್ಟರು: 85 ಮತ್ತು 50ನೇ ಶತಾಂಶ ವೇಗಗಳ ಅಂತರವನ್ನು 50 ಮತ್ತು 15ನೆಯವುಗಳ ಅಂತರದಿಂದ ಭಾಗಿಸಿ, ಉತ್ತರ 0.69ರಿಂದ 1.35ರೊಳಗಿದ್ದರೆ ಹಂಚಿಕೆಗೆ ಒಂದೇ ಶಿಖರ ಎಂದು ಹಿಡಿಯಬಹುದು. ಇಲ್ಲಿ ಉತ್ತರ 0.84. ಪರೀಕ್ಷೆ ಪಾಸು, ಕಣ್ಣಿಗೆ ಮಾತ್ರ ಎರಡು ದಿಬ್ಬ. ಸೂಚ್ಯಂಕ ಲೆಕ್ಕ ಹಾಕಿ ಸ್ತಂಭಚಿತ್ರ ಬಿಡಿಸದಿರುವ ವರದಿಗಳು ಮೋಸಹೋಗುವುದು ಹೀಗೆ. ವಾಹನದ ಬಗೆಯಂತೆ ಪ್ರತ್ಯೇಕ ಬಾಗುಗಳನ್ನು ಬಿಡಿಸುವುದೇ ಕ್ಷೇಮ.

ಚದುರುವಿಕೆಗೂ ಅಪಘಾತಕ್ಕೂ ಇರುವ ನಂಟನ್ನು ಮೊದಲು ದೊಡ್ಡ ಮಟ್ಟದಲ್ಲಿ ಎತ್ತಿದ್ದು ಅಮೆರಿಕದ ಡೇವಿಡ್ ಸಾಲೊಮನ್ 1964ರಲ್ಲಿ: ಸರಾಸರಿಗಿಂತ ತೀರ ಜೋರು ಮತ್ತು ತೀರ ನಿಧಾನ, ಎರಡೂ ತುದಿಯ ವಾಹನಗಳು ಹೆಚ್ಚು ಅಪಘಾತಕ್ಕೆ ಸಿಕ್ಕುತ್ತವೆ ಎಂದು. ತಿರುಗಲು ನಿಧಾನಿಸಿದ ವಾಹನಗಳನ್ನೂ ಆತ ನಿಧಾನದವುಗಳ ಲೆಕ್ಕಕ್ಕೆ ಹಾಕಿದ್ದಾನೆ ಎಂಬ ಆಕ್ಷೇಪ ಆಮೇಲೆ ಬಂತು. ಸರಾಸರಿ ವೇಗದ ಪರಿಣಾಮ ಇನ್ನೂ ಗಟ್ಟಿಯಾಗಿ ಗೊತ್ತಿದೆ. ಸ್ವೀಡನ್ನಿನ ಯೋರನ್ ನಿಲ್ಸನ್ ಪ್ರಕಾರ ಸಾವಿನ ಅಪಘಾತಗಳು ಸರಾಸರಿ ವೇಗದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತವೆ. ವೇಗ ಶೇಕಡಾ 5 ತಗ್ಗಿದರೆ ಅಂಥ ಅಪಘಾತ ಶೇಕಡಾ 19ರಷ್ಟು ತಗ್ಗುತ್ತದೆ.

ಮಿತಿ, ಕಾನೂನು

ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಎಕ್ಸ್‌ಪ್ರೆಸ್‌ವೇ ಅಥವಾ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲದ ಸಾಮಾನ್ಯ ರಸ್ತೆಗಳಲ್ಲಿ ಕಾರಿಗೆ 70, ಬಸ್ಸು, ಸರಕು ಲಾರಿ ಮತ್ತು ಬೈಕಿಗೆ 60, ಮೂರು ಚಕ್ರದವಕ್ಕೆ 50 ಕಿ.ಮೀ. ಗರಿಷ್ಠ. ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಡಿ ರಾಜ್ಯವು ಜಾಗ ನೋಡಿ ಇದಕ್ಕಿಂತ ತಗ್ಗಿಸಬಹುದು. ಹಾಗೆ ತಗ್ಗಿಸುವ ಮುನ್ನ ಬೇಕಾದ ಸಾಕ್ಷ್ಯವೇ ಸ್ಥಳವೇಗ ಅಧ್ಯಯನ. ಹೆಚ್ಚಿನವರು 60ರಲ್ಲಿ ಓಡಿಸುವಲ್ಲಿ ಬರೀ ಫಲಕ ನೆಟ್ಟು 30 ಎಂದು ಬರೆದರೆ ಯಾರೂ ಕೇಳುವುದಿಲ್ಲ ಎಂಬುದು 85ನೇ ಶತಾಂಶದ ಪಕ್ಷದವರ ವಾದ. ಊರು ಸೀಳಿಕೊಂಡು ಹೋಗುವ ರಸ್ತೆಯಲ್ಲಿ ನಡೆದು ಹೋಗುವವರ, ಮಕ್ಕಳ ಜೀವವನ್ನು ಚಾಲಕರ ಬಹುಮತಕ್ಕೆ ಬಿಡಲಾಗದು ಎಂಬುದು ಎದುರು ವಾದ. ಬಯಲಿನ ರಸ್ತೆಗೆ ಮೊದಲನೆಯದು, ಊರೊಳಗೆ ಎರಡನೆಯದು ಹೆಚ್ಚು ಒಪ್ಪುವಂತಿದೆ.

ವೇಗ ಮೀರಿದ್ದಕ್ಕೆ ಶಿಕ್ಷೆ ಹೇಳುವ 183ನೇ ಕಲಮು ಅಳತೆಯ ಬೆಲೆಯನ್ನು ತಾನೇ ಸಾರುತ್ತದೆ: ಯಾಂತ್ರಿಕ ಅಥವಾ ವಿದ್ಯುನ್ಮಾನ ಸಾಧನದ ಆಧಾರವಿಲ್ಲದೆ ಒಬ್ಬನೇ ಸಾಕ್ಷಿಯ ಅಭಿಪ್ರಾಯದ ಮೇಲೆ ಯಾರನ್ನೂ ಅಪರಾಧಿಯೆನ್ನುವಂತಿಲ್ಲ. 2019ರ ತಿದ್ದುಪಡಿ ಸೇರಿಸಿದ 136ಎ ಕಲಮು ಮತ್ತು 2021ರ ನಿಯಮ 167ಎ ಕ್ಯಾಮೆರಾ ಮೂಲಕ ನಿಗಾ ಇಡುವ ವ್ಯವಸ್ಥೆಗೆ ದಾರಿ ಮಾಡಿದವು. ಅಂಥ ಸಾಧನಕ್ಕೆ ವರ್ಷ ವರ್ಷ ನವೀಕರಿಸಿದ ಅನುಮೋದನಾ ಪತ್ರ ಇರಬೇಕು. ರಾಡಾರ್ ಸಾಧನಗಳ ಪರೀಕ್ಷೆ ಮತ್ತು ಮುದ್ರೆಗೆ ಕಾನೂನು ಮಾಪನ ನಿಯಮಗಳು 2025ರ ಜುಲೈ 1ರಿಂದ ಜಾರಿಯಾಗಿವೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕೂರಿಸಿರುವ ಕ್ಯಾಮೆರಾ ಜಾಲದಂಥವು ಒಂದು ಬಿಂದುವಿನ ವೇಗದ ಜೊತೆಗೆ, ಎರಡು ಕ್ಯಾಮೆರಾಗಳ ನಡುವಿನ ದೂರವನ್ನು ಎಷ್ಟು ಹೊತ್ತಿನಲ್ಲಿ ದಾಟಿದರು ಎಂಬುದನ್ನೂ ಲೆಕ್ಕ ಹಾಕಬಲ್ಲವು. ಕ್ಯಾಮೆರಾ ಕಂಡಾಗ ಬ್ರೇಕು ಒತ್ತಿ ಮುಂದೆ ಮತ್ತೆ ಹಾರುವವರಿಗೆ ಇದರಿಂದ ತಪ್ಪಿಸಿಕೊಳ್ಳಲಾಗದು.

ಲಾರಿಗಳ ವಿಷಯದಲ್ಲಿ ವೇಗ ನಿಯಂತ್ರಕದ ನಿಯಮವೂ ಇದೆ. 2015ರ ಅಕ್ಟೋಬರ್ 1ರಿಂದೀಚೆಗೆ ತಯಾರಾದ ಸಾಗಣೆ ವಾಹನಗಳಲ್ಲಿ 80ಕ್ಕೆ, ಟ್ಯಾಂಕರ್, ಡಂಪರ್, ಶಾಲಾ ಬಸ್ಸುಗಳಲ್ಲಿ 60ಕ್ಕೆ ಕಟ್ಟುಹಾಕಿರಬೇಕು. ಸ್ಥಳವೇಗದ ಪಟ್ಟಿಯಲ್ಲಿ ಟ್ಯಾಂಕರುಗಳ ಅಂಕಿ 60 ದಾಟಿ ಹರಡಿದ್ದರೆ ನಿಯಂತ್ರಕ ಬಿಚ್ಚಿಟ್ಟಿದ್ದಾರೆಂಬ ಅನುಮಾನಕ್ಕೆ ಆಸ್ಪದವಿದೆ.

ಉಬ್ಬಿನ ಮುಂಚೆ, ಉಬ್ಬಿನ ನಂತರ

ಹಳ್ಳಿಯವರು ಹಂಪ್ಸ್ ಎಂದು ಕರೆಯುವ ರಸ್ತೆಯುಬ್ಬು ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮೊದಲೊಮ್ಮೆ, ಕಟ್ಟಿದ ಕೆಲವು ವಾರಗಳ ಮೇಲೊಮ್ಮೆ ಅಳೆಯಬೇಕು. ಜನಕ್ಕೆ ಅದು ರೂಢಿಯಾಗುವವರೆಗೆ ಕಾಯುವುದು ಮುಖ್ಯ. ಐಆರ್‌ಸಿ:99ರ ದುಂಡನೆಯ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ್ದು. ದಾಟುವ ವೇಗ 25 ಕಿ.ಮೀ. ಇರಲಿ ಎಂಬುದು ಅದರ ಲೆಕ್ಕ. ಅಪಘಾತವಾದ ಮರುದಿನ ಸಿಟ್ಟಿನಿಂದ ಊರವರೇ ಹಾಕಿಸುವ ಗಿಡ್ಡ, ಕಡಿದಾದ ದಿಂಡುಗಳಿಗೆ ಈ ಲೆಕ್ಕ ಹತ್ತುವುದಿಲ್ಲ. ಅವುಗಳ ಮುಂದೆ ಲೋಡ್ ಲಾರಿ ನಿಂತೇಬಿಡುತ್ತದೆ, ಹಿಂದಿನ ಬೈಕಿನವನು ಅದರ ಬೆನ್ನಿಗೆ ಹೊಡೆಯುತ್ತಾನೆ. ಆದ್ದರಿಂದ ಉಬ್ಬಿನ ಮೇಲಷ್ಟೇ ಅಲ್ಲ, ನೂರು ಮೀಟರ್ ಈಚೆ ಮತ್ತು ಆಚೆಯೂ ಅಳೆಯಬೇಕು.

ಕಟ್ಟುವ ಮೊದಲು 150 ವಾಹನಗಳ ಸರಾಸರಿ 48, ವಿಚಲನೆ 12; ಕಟ್ಟಿದ ಮೇಲೆ ಅಷ್ಟೇ ವಾಹನಗಳ ಸರಾಸರಿ 44.5, ವಿಚಲನೆ 11 ಎಂದುಕೊಂಡರೆ, ಎರಡು ಸರಾಸರಿಗಳ ವ್ಯತ್ಯಾಸದ ಮಾನಕ ದೋಷ 1.33. ಮೂರೂವರೆಯನ್ನು ಅದರಿಂದ ಭಾಗಿಸಿದರೆ 2.63. ಇದು 1.96ಕ್ಕಿಂತ ಹೆಚ್ಚಾದ್ದರಿಂದ ಇಳಿಕೆ ಆಕಸ್ಮಿಕವಲ್ಲ ಎನ್ನಬಹುದು. ಅದೇ ಮೂವತ್ತು ಮೂವತ್ತು ವಾಹನ ಅಳೆದಿದ್ದರೆ ಭಾಗಲಬ್ಧ 1.2ಕ್ಕೆ ಇಳಿದು ಏನೂ ಹೇಳಲಾಗುತ್ತಿರಲಿಲ್ಲ.

ವೇಗದಿಂದ ರಸ್ತೆಯ ಸಾಮರ್ಥ್ಯಕ್ಕೆ

ಬಗೆಬಗೆಯ ವಾಹನಗಳನ್ನು ಒಂದೇ ಅಳತೆಗೆ ತರಲು ಎಂಜಿನಿಯರುಗಳು ಕಾರನ್ನು ಒಂದು ಎಂದು ಹಿಡಿದು ಉಳಿದವನ್ನು ಅದಕ್ಕೆ ಹೋಲಿಸುತ್ತಾರೆ, ಇದೇ ಪಿಸಿಯು. 1990ರ ಐಆರ್‌ಸಿ:64 ಲಾರಿ–ಬಸ್ಸಿಗೆ 3, ಟ್ರ್ಯಾಕ್ಟರ್ ಟ್ರೇಲರಿಗೆ 4.5, ಎತ್ತಿನ ಬಂಡಿಗೆ 8 ಎಂದು ಸ್ಥಿರ ಅಂಕಿ ಕೊಟ್ಟಿತ್ತು. ಸತೀಶ್ ಚಂದ್ರ ಮತ್ತು ಅವರ ಜೊತೆಗಾರರ ವಿಧಾನದಲ್ಲಿ ಅಂಕಿ ಸ್ಥಿರವಲ್ಲ: ಕಾರಿನ ವೇಗವನ್ನು ಆ ವಾಹನದ ವೇಗದಿಂದ ಭಾಗಿಸಿ, ಅದನ್ನು ಆ ವಾಹನ ಮತ್ತು ಕಾರು ರಸ್ತೆಯ ಮೇಲೆ ಆಕ್ರಮಿಸುವ ಜಾಗಗಳ ಅನುಪಾತದಿಂದ ಗುಣಿಸಬೇಕು. ಅವರ ಲೆಕ್ಕದಲ್ಲಿ ಕಾರಿನ ಜಾಗ 5.39 ಚದರ ಮೀಟರ್, ಟ್ರ್ಯಾಕ್ಟರ್ ಟ್ರೇಲರಿನದು 16.28. ಕಾರು 60ರಲ್ಲೂ ಟ್ರೇಲರು 20ರಲ್ಲೂ ಓಡಿದರೆ ಒಂದು ಟ್ರೇಲರು 9 ಕಾರಿಗೆ ಸಮ, ಹಳೆಯ ಅಂಕಿಯ ಇಮ್ಮಡಿ. ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯ 2017ರ ಭಾರತೀಯ ಹೆದ್ದಾರಿ ಸಾಮರ್ಥ್ಯ ಕೈಪಿಡಿಯೂ ಅಳೆದ ವೇಗಗಳ ಮೇಲೆಯೇ ನಿಂತಿದೆ. ಗಣತಿಯಲ್ಲಿ ವಾಹನಗಳ ಸಂಖ್ಯೆ ಒಂದೇ ಇದ್ದರೂ ತೊಗರಿ ಸುಗ್ಗಿಯಲ್ಲಿ ಸೇಡಂ ರಸ್ತೆ ಇಕ್ಕಟ್ಟಾಗುವುದರ ಕಾರಣ ಇಲ್ಲಿದೆ, ರಸ್ತೆ ಅಗಲಿಸಬೇಕೋ ನಿಧಾನದ ವಾಹನಗಳಿಗೆ ಬದಿಯಲ್ಲಿ ಗಟ್ಟಿ ಪಟ್ಟಿ ಹಾಕಿದರೆ ಸಾಕೋ ಎಂಬ ತೀರ್ಮಾನವೂ ಇದರಿಂದಲೇ.

ಒಮ್ಮೆ ಅಳೆದ ವೇಗ ಬಹುಕಾಲ ಬಾಳುವುದಿಲ್ಲ. ಗುಂಡಿ ಮುಚ್ಚಿ ಹೊಸ ಡಾಂಬರು ಹಾಕಿದರೆ ಕಾರು–ಬೈಕುಗಳ ವೇಗ ಕೂಡಲೇ ಏರುತ್ತದೆ, ಟ್ರ್ಯಾಕ್ಟರಿನದು ಇದ್ದಲ್ಲೇ ಇರುತ್ತದೆ. ಎರಡು ದಿಬ್ಬಗಳು ಇನ್ನಷ್ಟು ದೂರ ಸರಿಯುತ್ತವೆ. ಮೈ ಬದಲಾದ ಪ್ರತಿ ರಸ್ತೆಯಲ್ಲೂ, ಹೊಸ ಕಾರ್ಖಾನೆ ಅಥವಾ ಬೈಪಾಸು ಬಂದು ವಾಹನಗಳ ಪಾಲು ಬದಲಾದಾಗಲೂ, ಅದೇ ಬಿಂದುವಿನಲ್ಲಿ, ಅದೇ ಹೊತ್ತಿನಲ್ಲಿ, ಅದೇ ಸಾಧನದಿಂದ ಮರುಅಳತೆ ಮಾಡಬೇಕಾಗುತ್ತದೆ.